ತುಟಿಯಚ್ಚು

ಮೊದಲು ಕಂಡದ್ದು ನನ್ನ ತುಟಿಯೇ.
ತೆಕ್ಲೆಯ ಎಡಗೆನ್ನೆಯಲ್ಲಿ ಕೆಂಪಗೆ, ಉಬ್ಬಿಕೊಂಡು,
ಮೇಲ್ದುಟಿ, ಕೆಳದುಟಿ, ನಡುವೆ ಒಂದು ಗೆರೆ.
ಸೊಳ್ಳೆ ಎಂದೆ ನಾನು. ಜನವರಿಯಲ್ಲಿ!
ಸೊಸೆ ಖಾತುನಾ ಕಿಟಕಿಯಾಚೆ
ಬೋಳಾಗಿ ನಿಂತ ಅಕ್ರೋಟಿನ ಮರ ನೋಡಿದಳು,
ಏನೂ ಅನ್ನಲಿಲ್ಲ.

ಜುಗ್ದೀದಿ ಸೀಮೆಯವರು ನಾವು. ನಮ್ಮಲ್ಲಿ
ಕೋಳಿಗೆ ಅಕ್ರೋಟು, ಬದನೆಗೆ ಅಕ್ರೋಟು,
ಬೀಟ್‌ರೂಟಿನ ಸೊಪ್ಪಿಗೂ ಅಕ್ರೋಟು,
ದಾರಕ್ಕೆ ಪೋಣಿಸಿ ದ್ರಾಕ್ಷಿಯ ರಸದಲ್ಲದ್ದಿ
ಸೂರಿಗೆ ನೇತುಹಾಕಿದ್ದೂ ಅದೇ.
ಹೊಸವರ್ಷಕ್ಕೆ ಸಾತ್ಸಿವಿ ಇಲ್ಲದ ಮನೆ
ಒಲೆಯಿಲ್ಲದ ಮನೆ ಅನ್ನುತ್ತಿದ್ದಳು ನನ್ನತ್ತೆ.
ಬೆಳಗಿನಿಂದ ಅರೆದಿದ್ದೆ. ರುಚಿ ನೋಡಿದ್ದೆ.
ಸೆರಗಿಗೆ ಬಾಯೊರೆಸಿ, ಮಗುವನ್ನೆತ್ತಿ
ಮುತ್ತಿಟ್ಟಿದ್ದೆ. ಅಷ್ಟೇ.

ಅಷ್ಟಕ್ಕೇ ಬಿಟ್ಟಿದ್ದರೆ!
ಮಾರನೆಯ ದಿನ, ಖಾತುನಾ ಬಟ್ಟೆ ಹರವಲು ಹೋದಾಗ
ಬೆರಳ ತುದಿಯಷ್ಟು ಗೊಜ್ಜು.
ಏಳು ತಿಂಗಳ ಬಾಯಿ ಚಪ್ಪರಿಸಿ ನಕ್ಕಿತು.
ನಾನೂ ನಕ್ಕೆ.
ಆಮೇಲೆ ಕೆಮ್ಮು. ವಾಂತಿ.
ಹೊಟ್ಟೆಯ ಮೇಲೆ ದದ್ದು, ಚೆಲ್ಲಿದ ವೈನಿನಂತೆ ಹಬ್ಬಿ,
ರೆಪ್ಪೆ ಊದಿ ಕಣ್ಣು ಮುಚ್ಚಿತು.
ಅತ್ತರೆ ದನಿಯಿಲ್ಲ, ಎದೆಯಲ್ಲಿ ಸಣ್ಣ ಸಿಳ್ಳು.
ಕೊನೆಗೆ ಅಳಲೂ ಇಲ್ಲ,
ಒದ್ದೆ ಟವೆಲಿನ ಹಾಗೆ ತೋಳಲ್ಲಿ ಜೋತಿತು.

ಜುಂಬೇರನ ಕಾರು. ಹಿಂದಿನ ಸೀಟಿನಲ್ಲಿ ಗೊಬ್ಬರದ ಮೂಟೆ,
ರಸ್ತೆಯ ನಡುವೆ ಹಸುಗಳು. ಹಸುಗಳಿಗೇನು ಗೊತ್ತು.
ಡಾಕ್ಟರ್ ಇರ್ಮಾ ಒಂದು ಪ್ರಶ್ನೆಯನ್ನೂ ಕೇಳದೆ
ತೊಡೆಗೆ ಸೂಜಿ ಚುಚ್ಚಿದಳು. ಆಮೇಲೆ ಕೇಳಿದಳು.
ಹೇಳಿದೆ. ಸೊಸೆಯ ಮುಖ ನೋಡದೆ ಹೇಳಿದೆ.
"ಯಾರ ತಪ್ಪೂ ಅಲ್ಲಮ್ಮ. ಕಾಯಲೆಂದೇ ಇರುವ ನಾಯಿ
ಒಮ್ಮೊಮ್ಮೆ ಮನೆಗೆ ಬಂದ ನೆಂಟನನ್ನೇ ಕಚ್ಚುತ್ತದೆ.
ಮೈಯೂ ಹಾಗೆ."
ಆ ಮಾತು ಕಿವಿಗಿಳಿಯಿತು,
ಹೊಟ್ಟೆಗಿಳಿಯಲಿಲ್ಲ.

ಮನೆಗೆ ಬಂದು ಕೈಗೆ ಚಾಚಾ ಸುರಿದುಕೊಂಡೆ,
ಗಾಯಕ್ಕೂ ಪಾಪಕ್ಕೂ ಒಂದೇ ನಮ್ಮ ದ್ರಾಕ್ಷಿ ಸಾರಾಯಿ.
ಇರ್ಮಾ ಫೋನಿನಲ್ಲೇ ನಕ್ಕಳು: ಸಾರಾಯಿಗೆ ಹೋಗುವುದಲ್ಲ ಅದು.
ಸೋಪು. ನೀರು. ಬೆರಳ ಸಂದಿ.

ಹೊಸ ಹಲಗೆ, ಹೊಸ ಚಾಕು,
ನೀಲಿ ದಾರ ಕಟ್ಟಿದ ಚಮಚ ತೆಕ್ಲೆಯದು, ಯಾರೂ ಮುಟ್ಟಕೂಡದು.
ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಇರುವೆಯಕ್ಷರಗಳನ್ನು
ಭೂತಗನ್ನಡಿ ಹಿಡಿದು ಓದುತ್ತೇನೆ, ಬೈಬಲ್ ಓದಿದಂತೆ.
ಹೊಸ ತಿನಿಸು ದಿನಕ್ಕೊಂದೇ, ಬೆಳಗಿನ ಹೊತ್ತು.
ಖಾತುನಾಳ ನೋಟುಪುಸ್ತಕದಲ್ಲಿ:
ಮೊಟ್ಟೆ, ಗಟ್ಟಿಯಾಗಿ ಬೆಂದದ್ದು. ಏನೂ ಆಗಲಿಲ್ಲ.
ಮೊಸರು. ಏನೂ ಆಗಲಿಲ್ಲ.
ಏನೂ ಆಗಲಿಲ್ಲ ಎಂಬ ಮಾತು ಇಷ್ಟು ಸವಿಯೆಂದು
ಅರವತ್ತೆಂಟು ವರ್ಷ ನನಗೆ ತಿಳಿದಿರಲಿಲ್ಲ.

ರಾತ್ರಿ ಮೇಜಿನ ಆಚೆ ಅವಳು, ಈಚೆ ನಾನು,
ಕಿತ್ತಳೆಗೆ ಬರೀ ನೀರಿನ ಸೂಜಿ ಚುಚ್ಚಿ ಚುಚ್ಚಿ ಕಲಿತೆವು.
ನನ್ನ ಕೈ ನಡುಗಿತು. ಅವಳು ಮಣಿಕಟ್ಟು ಹಿಡಿದಳು.
"ನೆಟ್ಟಗೆ," ಎಂದಳು.
ಮೂರು ವಾರದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು.
ಆ ಕಿತ್ತಳೆಗಳನ್ನು ಆಮೇಲೆ ಇಬ್ಬರೂ ಸುಲಿದು ತಿಂದೆವು.

ಈಸ್ಟರಿನ ಊಟದಲ್ಲಿ ಜುಂಬೇರ್ ಲೋಟ ಎತ್ತಿ,
"ಒಂದೊಂದು ಚೂರು ಕೊಟ್ಟರೆ ಅಭ್ಯಾಸವಾದೀತು," ಎಂದು
ತಟ್ಟೆಯಿಂದ ಮಗುವಿನತ್ತ ಬೆರಳು ಚಾಚಿದ.
ಸೌಟಿನಲ್ಲಿ ಕೊಟ್ಟೆ ಒಂದು.
ಅವತ್ತು ಕಾರು ಓಡಿಸಿದವನೆಂದು
ಮೆಲ್ಲಗೇ ಕೊಟ್ಟೆ.

ನನ್ನ ಒರಳು ಈಗ ನುನೂಳ ಹಿತ್ತಿಲಲ್ಲಿದೆ.
ಆಸೆ ತಡೆಯದಾದಾಗ ಹೋಗಿ, ಕಳ್ಳಿಯಂತೆ ತಿಂದು,
ಹಲ್ಲುಜ್ಜಿ, ಮುಖ ತೊಳೆದು, ಬಟ್ಟೆ ಬದಲಿಸಿ ಬರುತ್ತೇನೆ.
ಆದರೂ ಆ ಕೆನ್ನೆಯ ಹತ್ತಿರ ಹೋಗಲು ಧೈರ್ಯ ಸಾಲದು.
ಕಾಲುಚೀಲದ ಮೇಲಿನಿಂದಲೇ
ಅಂಗಾಲಿಗೆ ಮುತ್ತಿಡುತ್ತೇನೆ.
ಕಚಗುಳಿಗೆ ಕೇಕೆ ಹಾಕಿ ಒದೆಯುತ್ತಾಳೆ ತೆಕ್ಲೆ,
ಸರಿಯಾಗಿ ಮೂಗಿಗೇ.